ಯುಗಾದಿ ದಿನದ ಸಹಿ

ಸಹಿ ಗುರುದತ್‌ನದೇ. ಅದರಲ್ಲಿ ಅನುಮಾನವಿರಲಿಲ್ಲ. ಇಂಗ್ಲಿಷಿನ ಜಿ ಅಕ್ಷರಕ್ಕೆ ಅಷ್ಟುದ್ದ ಬಾಲ ಎಳೆಯುವವರು ಆ ಕಾರ್ಖಾನೆಯಲ್ಲಿ ಇನ್ನೊಬ್ಬರಿರಲಿಲ್ಲ. ನೀರಜಾ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು, ಮೇಜಿನ ಮೇಲೆ ಹರಡಿ ನೋಡಿದಳು, ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದಳು. ಹೋದ ವರ್ಷದ ಮಾರ್ಚ್ ಮೂವತ್ತು, ಭಾನುವಾರ. ಬೆಳಿಗ್ಗೆ ಹನ್ನೊಂದು, ಮಧ್ಯಾಹ್ನ ಮೂರು, ಸಂಜೆ ಏಳು. ಮೂರೂ ಕಡೆ ಅದೇ ಬಾಲದ ಸಹಿ.

ಐರ್ಲೆಂಡಿನ ಕಾರ್ಕ್ ಊರಾಚೆಯ ಆ ಕಾರ್ಖಾನೆಯಲ್ಲಿ ತಯಾರಾಗುವುದು ರಬ್ಬರ್ ಸೀಲುಗಳು. ಔಷಧಿ ಕಂಪನಿಗಳ ಪೈಪುಗಳಿಗೆ, ಹಾಲಿನ ಡೈರಿಗಳ ಟ್ಯಾಂಕುಗಳಿಗೆ ಹಾಕುವಂಥವು. ಅದರ ನಡುವೆ ಎಲ್ಲಿಂದಲೋ ಒಂದು ದೊಡ್ಡ ಆರ್ಡರು ಬಂದು, ಇಲ್ಲಿಯ ಒಂದು ರಿಂಗು ಬಾಹ್ಯಾಕಾಶ ನೌಕೆಯಲ್ಲಿ ಹೋಗಿ ಕೂತಿತ್ತು. ನೌಕೆ ಇಳಿಯುವಾಗ ಬಿಚ್ಚಿಕೊಳ್ಳುವ ಪ್ಯಾರಾಚೂಟುಗಳ ಪೆಟ್ಟಿಗೆಗೆ ಒಂದು ಮುಚ್ಚಳವಿದೆಯಲ್ಲ, ಆ ಮುಚ್ಚಳದ ಸುತ್ತ. ನಾಲ್ಕು ಜನರನ್ನು ಹೊತ್ತ ಆ ನೌಕೆ ನಾಡಿದ್ದು ಗುರುವಾರ ಮಧ್ಯಾಹ್ನ ಸಮುದ್ರಕ್ಕೆ ಇಳಿಯಬೇಕು. ಮೇಲೇರುವಾಗ ಎಲ್ಲೋ ಒಂದು ಕಡೆ ಒತ್ತಡ ಕೊಂಚ ಇಳಿದದ್ದು ಕಂಡಿತ್ತಂತೆ. ಹಾಗಾಗಿ ಬಿಡಿಭಾಗ ಕೊಟ್ಟವರೆಲ್ಲ, ಅದೆಷ್ಟೇ ಚಿಕ್ಕದಿರಲಿ, ಹಳೆಯ ಕಾಗದಗಳನ್ನು ತೆಗೆದು ಇನ್ನೊಮ್ಮೆ ನೋಡಬೇಕೆಂದು ಅಪ್ಪಣೆಯಾಗಿತ್ತು. ಮ್ಯಾನೇಜರ್ ಮೊರೀನ್ ಆ ಫೈಲನ್ನು ತಂದು ನೀರಜಾಳ ಮೇಜಿನ ಮೇಲಿಟ್ಟಿದ್ದಳು. ಗುಣಮಟ್ಟ ವಿಭಾಗದಲ್ಲಿ ತಪ್ಪು ಹುಡುಕುವುದರಲ್ಲಿ ನೀರಜಾಳನ್ನು ಮೀರಿಸುವವರಿಲ್ಲ ಎಂದು ಅವಳಿಗೆ ಗೊತ್ತಿತ್ತು.

ಮೊದಲು ಕಣ್ಣಿಗೆ ಬಿದ್ದದ್ದು ಗಂಟೆಗಳ ಲೆಕ್ಕ. ರಿಂಗನ್ನು ಮೂರು ದಿನ ಕೊರೆಯುವ ಚಳಿಯ ಪೆಟ್ಟಿಗೆಯಲ್ಲಿಟ್ಟು, ನಾಲ್ಕು ನಾಲ್ಕು ಗಂಟೆಗೊಮ್ಮೆ ಯಾರಾದರೊಬ್ಬರು ಹೋಗಿ, ಗಾಳಿ ಸೋರುತ್ತಿದೆಯೇ ನೋಡಿ, ಕೈಯಾರೆ ಬರೆದು ಸಹಿ ಹಾಕಬೇಕು. ಶನಿವಾರ ರಾತ್ರಿ ಹತ್ತಕ್ಕೊಂದು ಸಹಿ, ಆಮೇಲೆ ಬೆಳಗಿನ ಜಾವ ಮೂರಕ್ಕೆ! ಐದು ಗಂಟೆ. ನೀರಜಾಳ ಕಿವಿ ನೆಟ್ಟಗಾಯಿತು. ಆದರೆ ಆ ರಾತ್ರಿಯೇ ದೇಶದ ಗಡಿಯಾರಗಳೆಲ್ಲ ಒಂದು ಗಂಟೆ ಮುಂದಕ್ಕೆ ಹೋಗಿದ್ದವು. ಬೇಸಿಗೆಯ ವೇಳೆ ಶುರುವಾಗಿತ್ತು. ಅದು ಹೊಳೆದಾಗ ಅವಳಿಗೆ ತನ್ನ ಬುದ್ಧಿಯ ಬಗ್ಗೆ ಸ್ವಲ್ಪ ಹೆಮ್ಮೆಯೂ ಆಯಿತು. ಆ ಹೆಮ್ಮೆಯಲ್ಲೇ ಮುಂದಿನ ಸಾಲಿಗೆ ಬೆರಳಿಟ್ಟಳು. ಮಾರ್ಚ್ ಮೂವತ್ತು. ಅಯ್ಯೋ ದೇವರೇ, ಅವತ್ತು ಯುಗಾದಿ ಅಲ್ಲವೇ?

ಯುಗಾದಿಯೇ. ಅವತ್ತು ಬೆಳಿಗ್ಗೆ ತಿಪಟೂರಿನಿಂದ ಅಮ್ಮ ಫೋನು ಮಾಡಿ ಎಣ್ಣೆ ನೀರು ಹಾಕ್ಕೊಂಡ್ರಾ ಎಂದು ಕೇಳಿದ್ದಳು. ಫೋನಿನ ಪಂಚಾಂಗ ತೆಗೆದು ನೋಡಿದರೆ ಅದೂ ಹೌದೆಂದಿತು. ಕಾರ್ಕ್‌ನ ಕನ್ನಡದವರೆಲ್ಲ ಚರ್ಚಿನ ಹಾಲಿನಲ್ಲಿ ಸೇರಿ ಯುಗಾದಿ ಮಾಡಿದ್ದರು. ನೂರೈವತ್ತು ಎಲೆ. ಗುರುದತ್ ಸೊಂಟಕ್ಕೆ ಏಪ್ರನ್ನು ಕಟ್ಟಿಕೊಂಡು, "ಇನ್ನೊಂದು ಹಾಕಿಸ್ಕೊಳ್ಳಿ ಮೇಡಂ, ನಾಚ್ಕೋಬೇಡಿ" ಎನ್ನುತ್ತಾ ಹೋಳಿಗೆ ಬಡಿಸಿದ್ದು ಅವಳ ಕಣ್ಣಿಗೆ ಕಟ್ಟಿದಂತಿತ್ತು. ಅಲ್ಲಿ ಹೋಳಿಗೆ ಬಡಿಸುತ್ತಿದ್ದವನು ಅದೇ ಹೊತ್ತಿಗೆ ಇಲ್ಲಿ ಹೇಗೆ ಸಹಿ ಹಾಕಿದ?

ಒಂದು ಮಾತು ಇಲ್ಲಿಯೇ ಹೇಳಿಬಿಡಬೇಕು. ಗುರುದತ್‌ನನ್ನು ಕಂಡರೆ ನೀರಜಾಳಿಗೆ ಅಷ್ಟಕ್ಕಷ್ಟೆ. ಎರಡು ವರ್ಷದ ಹಿಂದೆ ಟೀಮ್ ಲೀಡ್ ಕೆಲಸ ತನಗೇ ಬರುತ್ತದೆಂದು ಅವಳು ಕಾದಿದ್ದಳು, ಅದು ಅವನ ಪಾಲಾಯಿತು. ಆ ಕಟ್ಟಡದಲ್ಲಿ ಕನ್ನಡದವರೆಂದರೆ ಅವರಿಬ್ಬರೇ. ಅವನೋ, ಕಾರಿಡಾರಿನ ಆ ತುದಿಯಿಂದಲೇ "ಊಟ ಆಯ್ತಾ ಮೇಡಂ?" ಎಂದು ಕೂಗುವ ಪೈಕಿ. ಅವಳು ಇಂಗ್ಲಿಷಿನಲ್ಲಿ ಉತ್ತರ ಕೊಟ್ಟರೆ, "ನಮ್ಮ್ ನಮ್ಮಲ್ಲೇ ಯಾಕ್ ಮೇಡಂ ಇಂಗ್ಲಿಷು, ನಾನೇನ್ ಐರಿಷಾ?" ಎಂದು ನಗುತ್ತಿದ್ದ. ಯಾವಾಗಲೂ ಹಲ್ಲು ಕಿರಿಯುವವರ ಹೊಟ್ಟೆಯೊಳಗೆ ಏನೋ ಇರುತ್ತದೆಂಬುದು ನೀರಜಾಳ ಹಳೆಯ ನಂಬಿಕೆ. ಈಗ ಆ ಏನೋ ಸಿಕ್ಕಿತ್ತು.

ಹನ್ನೊಂದು ಗಂಟೆಗೆ ಅವನೇ ಕಾಫಿ ಮಗ್ಗು ಹಿಡಿದು ಬಂದ. "ಏನ್ ಮೇಡಂ, ಬೆಳಗ್ಗೆಯಿಂದ ಫೈಲೊಳಗೆ ಮುಳುಗೋಗಿದೀರಾ? ಕಾಫಿನೂ ಇಲ್ಲ, ಏನೂ ಇಲ್ಲ!"

ನೀರಜಾ ಹಾಳೆಯ ಮೇಲೆ ಇನ್ನೊಂದು ಹಾಳೆ ಎಳೆದಳು. "ಗುರುವಾರ ಇಡೀ ಕ್ಯಾಂಟೀನಿಗೆ ಹೋಳಿಗೆ ತರ್ತೀರಂತೆ?"

"ಹೂಂ ಮತ್ತೆ! ನಮ್ಮ ರಿಂಗು ಹಾಕ್ಕೊಂಡು ನಾಲ್ಕ್ ಜನ ಸುಖವಾಗಿ ಇಳೀತಾವ್ರೆ, ಸಿಹಿ ಬೇಡ್ವಾ? ಮನೇಲಿ ಶ್ರೀಲಕ್ಷ್ಮಿ ಆಗ್ಲೇ ಬೇಳೆ ತಂದಿಟ್ಟವ್ಳೆ."

"ಹೋದ್ ವರ್ಷ ಯುಗಾದೀಲಿ ನೀವು ಬಡಿಸಿದ್ದು ಇನ್ನೂ ನೆನಪಿದೆ. ದಿನವೆಲ್ಲಾ ಅಲ್ಲೇ ಇದ್ರಿ ಅಲ್ವಾ?"

"ಅದನ್ನ ಜ್ಞಾಪಿಸ್ಬೇಡಿ ಮಾರಾಯ್ರೆ. ಬೆಳಗ್ಗೆ ಹತ್ತಕ್ಕೆ ಹಾಲಿಗೆ ಹೋದೋನು, ಸಾಯಂಕಾಲ ಪಾತ್ರೆ ತೊಳ್ದು ಬಾಗ್ಲು ಹಾಕೋ ತನಕ ನಾನೇ. ಸೊಂಟ ಬಿದ್ದೋಗಿತ್ತು."

"ಮಧ್ಯ ಎಲ್ಲೂ ಹೋಗ್ಲಿಲ್ವಾ?"

"ಎಲ್ಲಿಗ್ ಹೋಗೋಕಾಗ್ತದೆ? ಅಷ್ಟೊಂದ್ ಜನ!" ಅವನು ನಗುತ್ತಲೇ ಹೊರಟುಹೋದ.

ತನ್ನ ಬಾಯಿಂದಲೇ ಒಪ್ಪಿಕೊಂಡನಲ್ಲ! ನಾಚಿಕೆಯೂ ಇಲ್ಲ, ಭಯವೂ ಇಲ್ಲ. ಮೂರು ಸಲ ಯಾರೂ ನೋಡದೆ ಬಿಟ್ಟ ರಿಂಗು, ಚಳಿಗೆ ಸೆಟೆದು ಬಿರುಕು ಬಿಟ್ಟಿದ್ದರೂ ಯಾರಿಗೂ ಗೊತ್ತಾಗದೆ ಹೋದ ರಿಂಗು, ಈಗ ನಾಲ್ಕು ಜನರ ತಲೆಯ ಮೇಲೆ ಕೂತಿದೆ. ಇಳಿಯುವಾಗ ಅದರ ಸಂದಿಯಿಂದ ಬೆಂಕಿಯಂಥ ಗಾಳಿ ನುಗ್ಗಿದರೆ ಪ್ಯಾರಾಚೂಟು ಸುಟ್ಟು ಕರಕಲಾಗುತ್ತದೆ. ಆ ನಾಲ್ವರಲ್ಲಿ ಒಬ್ಬ ಹೆಂಗಸು, ಮಗಳು ಬರೆದ ಚಿತ್ರವನ್ನು ಕ್ಯಾಮೆರಾದ ಮುಂದೆ ತೇಲಿಬಿಟ್ಟದ್ದನ್ನು ನೀರಜಾ ಟೀವಿಯಲ್ಲಿ ನೋಡಿದ್ದಳು. ಅವತ್ತು ಯಾರು ಬಂದಿದ್ದರು, ಯಾರು ಹೋಗಿದ್ದರು ಎಂದು ಗೇಟಿನ ದಾಖಲೆ ನೋಡೋಣವೆಂದರೆ ಅದೂ ಇಲ್ಲ. ಒಂದು ವರ್ಷಕ್ಕಿಂತ ಹಳೆಯದನ್ನು ಕಾನೂನಿನ ಪ್ರಕಾರ ಅಳಿಸಿಬಿಟ್ಟಿದ್ದರು.

ಸಂಜೆ ಮನೆಯಲ್ಲಿ ಗಂಡನಿಗೆ ಹೇಳಿದಳು. ಹೇಮಚಂದ್ರ ಸಾಫ್ಟ್‌ವೇರಿನವನು, ಯಾರ ಗೋಜಿಗೂ ಹೋಗದ ಪ್ರಾಣಿ. ಕುಕ್ಕರಿನ ಮುಚ್ಚಳ ತೆಗೆಯುತ್ತಾ, "ಅವರನ್ನೇ ನೇರವಾಗಿ ಕೇಳ್ಬಿಡು" ಎಂದ.

"ಕೇಳಿದ್ರೆ ಹೌದು ಅಂತಾರಾ? ನಾಳೆ ಬೆಳಗ್ಗೆ ಆ ಹಾಳೆನೇ ಇರಲ್ಲ ಅಲ್ಲಿ."

"ಅವರ ವರ್ಕ್ ಪರ್ಮಿಟ್ ಇನ್ನೂ ಈ ಕಂಪನಿ ಹೆಸರಲ್ಲೇ ಇದೆ. ಕೆಲ್ಸ ಹೋದ್ರೆ ಗಂಟುಮೂಟೆ ಕಟ್ಬೇಕಾಗತ್ತೆ, ಯೋಚ್ನೆ ಮಾಡು."

"ಮೇಲಿರೋ ಆ ನಾಲ್ಕು ಜನಾನ ಯಾರು ಯೋಚ್ನೆ ಮಾಡ್ತಾರೆ ಹಾಗಾದ್ರೆ?"

ಫ್ರಿಜ್ಜಿನ ಬಾಗಿಲಿಗೆ ಮ್ಯಾಗ್ನೆಟ್ ಹಚ್ಚಿ ಸಿಕ್ಕಿಸಿದ ಫೋಟೋ ಕಡೆಗೆ ನೀರಜಾ ಬೆರಳು ತೋರಿಸಿದಳು. ಯುಗಾದಿ ಊಟದ್ದೇ ಫೋಟೋ. ಮಗಳು ನಿಸರ್ಗಾ ಜರಿಲಂಗ ಹಾಕಿ, ಕಾಗದದ ಲೋಟವೊಂದನ್ನು ಹಿಡಿದು ಮುಖ ಕಿವುಚಿಕೊಂಡು ಕೂತಿದ್ದಳು. ಹಿಂದೆ ಬಾಗಿ ನಿಂತು ಬಡಿಸುತ್ತಿದ್ದವನು ಗುರುದತ್. "ನೋಡಿ, ಸಾಕ್ಷಿ ನಮ್ಮನೆಯಲ್ಲೇ ಇದೆ" ಎಂದಳು. ನಿಸರ್ಗಾ ಹೋಮ್‌ವರ್ಕ್ ಬಿಟ್ಟು ತಲೆಯೆತ್ತಿದಳು. ಗುರುವಾರ ಅವಳ ಶಾಲೆಯಲ್ಲೂ ಇಳಿಯುವುದನ್ನು ತೋರಿಸುತ್ತಾರೆ. "ವಿಲ್ ದೇ ಬಿ ಗ್ರ್ಯಾಂಡ್, ಮ್ಯಾಮ್?" ಎಂದು ಐರಿಷ್ ಮಕ್ಕಳ ಹಾಗೆಯೇ ಕೇಳಿದಳು, ಅವರಿಗೇನೂ ಆಗಲ್ಲ ತಾನೇ ಅಮ್ಮ ಎಂಬರ್ಥದಲ್ಲಿ.

"ಗ್ರ್ಯಾಂಡಾಗೇ ಇರ್ತಾರೆ, ನೀನು ಬರಿ" ಎಂದು ನೀರಜಾ ಗದರಿದಳು.

ಬುಧವಾರ ಬೆಳಿಗ್ಗೆ ಅವಳು ಆ ಕೆಲಸ ಮಾಡಿಯೇಬಿಟ್ಟಳು. ಹೆಸರು ಹೇಳದೆ ದೂರು ಕೊಡುವುದಕ್ಕೆಂದೇ ಕಂಪನಿಯ ವೆಬ್‌ಸೈಟಿನಲ್ಲಿ ಒಂದು ಪುಟವಿತ್ತು. ಮಾರ್ಚ್ ಮೂವತ್ತರಂದು ಯುಗಾದಿ ಇತ್ತು, ಗುರುದತ್ ಆ ದಿನವಿಡೀ ಯುಗಾದಿ ಊಟದಲ್ಲಿ ಬಡಿಸುತ್ತಿದ್ದ, ಬೇಕಿದ್ದರೆ ಅವನನ್ನೇ ಕೇಳಿ ಎಂದು ನಾಲ್ಕು ಸಾಲು ಬರೆದಳು. ಕಳಿಸುವ ಗುಂಡಿಯನ್ನೂ ಒತ್ತಿದಳು.

ಮಧ್ಯಾಹ್ನ ಎರಡಕ್ಕೆ ಮೊರೀನ್ ಗುರುದತ್‌ನನ್ನು ಒಳಗೆ ಕರೆದಳು. ಗಾಜಿನ ಗೋಡೆಯಾಚೆ ಅವನ ಬೆನ್ನಷ್ಟೇ ಕಾಣುತ್ತಿತ್ತು. ಮುಕ್ಕಾಲು ಗಂಟೆಯ ನಂತರ ಅವನು ಹೊರಬಂದಾಗ ಕೊರಳಲ್ಲಿ ಬ್ಯಾಡ್ಜು ಇರಲಿಲ್ಲ. ಕೋಟನ್ನು ತೋಳಿನ ಮೇಲೆ ಹಾಕಿಕೊಂಡು ನೇರವಾಗಿ ನೀರಜಾಳ ಮೇಜಿನ ಹತ್ತಿರವೇ ಬಂದ.

"ಮೇಡಂ, ಏನೋ ಎಡವಟ್ಟಾಗಿದೆ" ಎಂದ ಸಣ್ಣ ದನಿಯಲ್ಲಿ. "ಯುಗಾದಿ ದಿನ ಎಲ್ಲಿದ್ರಿ ಅಂದ್ರು. ಹಾಲಲ್ಲಿ ಬಡಿಸ್ತಿದ್ದೆ ಅಂದೆ. ಯುಗಾದಿ ಮಾರ್ಚ್ ಮೂವತ್ತಾ ಅಂದ್ರು. ಫೋನಲ್ಲಿ ನೋಡ್ದೆ, ಹೌದು ಅಂದೆ. ಆಮೇಲೆ ಆ ಹಾಳೆ ತೋರ್ಸಿದ್ರು. ಅದ್ರಲ್ಲೂ ನನ್ ಸಹಿನೇ. ನಾನು ಸುಳ್ಳು ಸಹಿ ಹಾಕೋನಲ್ಲ ಮೇಡಂ, ಆದ್ರೆ ಎರಡೂ ಕಡೆ ಹೆಂಗಿದ್ದೆ ನಾನು? ನನಗೇ ತಲೆ ಕೆಟ್ಟೋಗಿದೆ. ನಿಮಗೇನಾದ್ರೂ ಜ್ಞಾಪಕ ಇದ್ಯಾ ಅವತ್ತಿಂದು?"

"ಇಲ್ಲ" ಎಂದಳು ನೀರಜಾ. ಕಣ್ಣು ಕಂಪ್ಯೂಟರಿನ ಮೇಲಿತ್ತು.

"ಯುಗಾದಿ ಅಂತ ಇವರಿಗೆ ಯಾರ್ ಹೇಳಿದ್ರೋ" ಎಂದು ಅವನು ತನ್ನಷ್ಟಕ್ಕೇ ಅಂದುಕೊಂಡು ನಡೆದ. ಆ ಮಾತು ನೀರಜಾಳಿಗೆ ಕೇಳಿಸಿತು. ಹೆಸರು ಬರೆಯದೆ ಜಾಣತನ ಮೆರೆದೆನೆಂದುಕೊಂಡಿದ್ದಳು. ಈ ಕಟ್ಟಡದಲ್ಲಿ ಆ ಪದ ಗೊತ್ತಿದ್ದವರು ಇಬ್ಬರೇ ಎಂಬುದು ಆಗ ತಲೆಗೇ ಬಂದಿರಲಿಲ್ಲ. ಆದರೂ ಮನಸ್ಸು ಸೋಲಲು ಒಪ್ಪಲಿಲ್ಲ. ನಾಟಕ ಎಂದುಕೊಂಡಳು. ನಿಜವಾಗಿ ತಪ್ಪಿಲ್ಲದವನು ಹೀಗೆ ಗಲಿಬಿಲಿಯಾಗುತ್ತಾನೆಯೇ?

ಸುದ್ದಿ ಹೋಗಬೇಕಾದವರಿಗೆ ಹೋಯಿತು. ಆದರೆ ನೌಕೆ ಆಗಲೇ ಬಾಹ್ಯಾಕಾಶ ನಿಲ್ದಾಣದಿಂದ ಬೇರ್ಪಟ್ಟು ಹೊರಟಾಗಿತ್ತು; ಒಳಗಿದ್ದ ಗಾಳಿ ಇಂತಿಷ್ಟು ಹೊತ್ತಿಗೆಂದೇ ಲೆಕ್ಕ ಹಾಕಿ ತುಂಬಿದ್ದು. ತಿರುಗಿ ಹೋಗುವಂತಿಲ್ಲ, ಅಲ್ಲೇ ಕಾಯುವಂತಿಲ್ಲ, ಇಳಿಯಲೇಬೇಕು. ಬಿಡಿಭಾಗವೊಂದರ ಕಾಗದಗಳ ಬಗ್ಗೆ ಅನುಮಾನವೆದ್ದಿದೆ ಎಂದು ಸಂಜೆಯ ರೇಡಿಯೋ ಹೇಳಿತು. ಕಾರ್ಖಾನೆಯಲ್ಲಿ ಒಬ್ಬರ ಮುಖ ಒಬ್ಬರು ನೋಡುವುದು ನಿಂತುಹೋಯಿತು. ಬೇರೆ ಹಾಳೆಗಳಲ್ಲಿ ಯಾರ್‍ಯಾರ ಸಹಿ ಇದೆಯೆಂದು ಎಲ್ಲರೂ ತಂತಮ್ಮಲ್ಲೇ ನೆನೆಯುತ್ತಿದ್ದರು.

ಗುರುವಾರ ಬೆಳಿಗ್ಗೆ ನಿಸರ್ಗಾ ಬಟ್ಟಲಿನಲ್ಲಿ ಸೀರಿಯಲ್ ಕಲಸುತ್ತಾ ಫ್ರಿಜ್ಜಿನ ಮುಂದೆ ಕೂತಿದ್ದಳು. ಫೋಟೋ ಅವಳ ಕಣ್ಣೆದುರಿಗೇ ಇತ್ತು. "ಮ್ಯಾಮ್, ದಟ್ ಪೆಪ್ಪರಿ ಡ್ರಿಂಕ್!" ಎಂದು ಫೋಟೋದಲ್ಲಿ ತನ್ನ ಕೈಯಲ್ಲಿದ್ದ ಲೋಟ ತೋರಿಸಿ ಮುಖ ಕಿವುಚಿದಳು. "ಐ ಹೇಟೆಡ್ ಇಟ್."

"ಪಾನಕ ಕಣೇ ಅದು. ಬೆಲ್ಲ, ಕಾಳುಮೆಣಸು, ಏಲಕ್ಕಿ..." ಎನ್ನುತ್ತಿದ್ದ ನೀರಜಾಳ ಕೈ ಟಿಫಿನ್ ಡಬ್ಬಿಯ ಮೇಲೆ ನಿಂತುಬಿಟ್ಟಿತು.

ಯುಗಾದಿಗೆ ಯಾರು ಪಾನಕ ಮಾಡುತ್ತಾರೆ? ಯುಗಾದಿಗೆ ಬೇವು ಬೆಲ್ಲ. ಪಾನಕ ರಾಮನವಮಿಗೆ. ಅವಳು ಫೋಟೋವನ್ನು ಕಿತ್ತು ಕಣ್ಣ ಹತ್ತಿರ ಹಿಡಿದಳು. ನಿಸರ್ಗಾಳ ಎಲೆಯ ತುದಿಯಲ್ಲಿ ಹೆಸರುಬೇಳೆ ಕೋಸಂಬರಿ. ಯಾರೋ ಮೈಕಿನಲ್ಲಿ, "ಯುಗಾದಿ, ರಾಮನವಮಿ ಎರಡೂ ಒಂದೇ ಊಟದಲ್ಲಿ ಮುಗೀತು ನೋಡ್ರಪ್ಪ" ಎಂದದ್ದು, ಎಲ್ಲರೂ ಗೊಳ್ಳೆಂದು ನಕ್ಕದ್ದು ಈಗ ನೆನಪಿಗೆ ಬಂತು. ಇಲ್ಲಿಯ ಹಬ್ಬಗಳು ಪಂಚಾಂಗವನ್ನಷ್ಟೇ ಕೇಳಿ ಬರುವುದಿಲ್ಲ, ಹಾಲು ಯಾವತ್ತು ಖಾಲಿಯಿದೆಯೆಂದು ಕೇಳಿಕೊಂಡು ಬರುತ್ತವೆ. ಇದು ಅವಳಿಗೆ ಗೊತ್ತಿರದ ವಿಷಯವೇ? ಗಡಿಯಾರ ಮುಂದೆ ಹೋದದ್ದು ಹೊಳೆದಿದ್ದ ಮಹಾ ಬುದ್ಧಿವಂತೆಗೆ ಹಬ್ಬ ಮುಂದೆ ಹೋದದ್ದು ಹೊಳೆದಿರಲಿಲ್ಲ!

"ರೀ!" ಎಂದು ಕಿರುಚಿದಳು. "ಹೋದ್ ವರ್ಷ ಯುಗಾದಿ ಊಟ ಯಾವತ್ತಿತ್ತು?"

ಹೇಮಚಂದ್ರ ಹಲ್ಲುಜ್ಜುವ ಬ್ರಷ್ಷಿನೊಂದಿಗೇ ಬಂದು, ವಾಟ್ಸಾಪ್ ಗುಂಪಿನಲ್ಲಿ ಹಿಂದಕ್ಕೆ ಹಿಂದಕ್ಕೆ ಹೋಗಿ ಹುಡುಕಿದ. ಸಿಕ್ಕಿತು. ಮಾರ್ಚ್ ಮೂವತ್ತು ಇಲ್ಲಿಯ ಮದರ್ಸ್ ಡೇ ಆದ್ದರಿಂದ ಹಾಲು ಸಿಗುತ್ತಿಲ್ಲ, ಯುಗಾದಿ ಊಟವನ್ನು ಏಪ್ರಿಲ್ ಆರು, ಭಾನುವಾರಕ್ಕೆ ಮುಂದೂಡಲಾಗಿದೆ. ಕೆಳಗೆ ಒಪ್ಪಿಗೆಯ ಹೆಬ್ಬೆರಳುಗಳ ಸಾಲು. ಮೊದಲನೆಯ ಹೆಬ್ಬೆರಳು ನೀರಜಾಳದು.

"ಮೂವತ್ತಕ್ಕೆ ನಾವು ಕೋವ್ ಬಂದರಿಗೆ ಹೋಗಿದ್ವಲ್ಲೇ, ಮದರ್ಸ್ ಡೇ ಅಂತ. ಹಡಗು ನೋಡ್ಕೊಂಡು ಚಿಪ್ಸ್ ತಿಂದ್ವಿ" ಎಂದ ಹೇಮಚಂದ್ರ.

ಹಾಗಾದರೆ ಗುರುದತ್ ಅವತ್ತು ಕಾರ್ಖಾನೆಯಲ್ಲೇ ಇದ್ದ. ಹಬ್ಬದ ದಿನ, ಹೆಂಡತಿಯನ್ನು ಮನೆಯಲ್ಲಿ ಬಿಟ್ಟು, ಮೂರು ಸಲ ಆ ಚಳಿಪೆಟ್ಟಿಗೆಯ ಬಾಗಿಲು ತೆಗೆದಿದ್ದ. ನೀರಜಾಳಿಗೆ ಕೂತಲ್ಲಿ ಕೂರಲಾಗಲಿಲ್ಲ. ಸುಮ್ಮನಿದ್ದುಬಿಟ್ಟರೆ? ಯಾರಿಗೆ ಗೊತ್ತಾಗುತ್ತದೆ? ಇವತ್ತಲ್ಲ ನಾಳೆ ಅವನಿಗೇ ನೆನಪಾದೀತು. ಆಗದಿದ್ದರೆ? ಅವನು ತನ್ನ ಮೇಲೆಯೇ ಅನುಮಾನಪಡತೊಡಗಿದ್ದಾನೆ, ನಾಳೆ ತಪ್ಪೊಪ್ಪಿಕೊಂಡರೂ ಒಪ್ಪಿಕೊಂಡಾನು. ಕಾರು ತೆಗೆದು ಹೊರಟವಳು ಒಂದು ರೌಂಡಬೌಟನ್ನು ಸುಮ್ಮನೆ ಎರಡು ಸುತ್ತು ಹಾಕಿದಳು. ಕೊನೆಗೆ ಕಾರ್ಖಾನೆಯ ದಾರಿಗೇ ತಿರುಗಿಸಿದಳು.

ಮೊರೀನ್‌ಳ ಕೋಣೆಯ ಬಾಗಿಲು ಹಾಕಿಕೊಂಡು ಎಲ್ಲವನ್ನೂ ಹೇಳಿದಳು. ದೂರು ಕೊಟ್ಟದ್ದು ನಾನೇ. ತಾರೀಖು ತಪ್ಪಿದ್ದು ನಾನೇ. ಫೋನಿನಲ್ಲಿ ಆ ಸಂದೇಶ ತೋರಿಸಿದಳು, ಫೋಟೋ ತೋರಿಸಿದಳು, ಯುಗಾದಿಗೂ ರಾಮನವಮಿಗೂ ಇರುವ ವ್ಯತ್ಯಾಸವನ್ನು ಆ ಐರಿಷ್ ಹೆಂಗಸಿಗೆ ಒಂದು ಲೋಟ ಪಾನಕದ ಮೇಲೆ ವಿವರಿಸಿದಳು. ಮೊರೀನ್ ಎಲ್ಲವನ್ನೂ ಬರೆದುಕೊಂಡಳು. ಈ ಸಲ ಖಚಿತವೇ ಎಂದು ಒಂದೇ ಪ್ರಶ್ನೆ ಕೇಳಿದಳು. ಗುರುದತ್‌ಗೆ ಈಗಲೇ ಫೋನು ಮಾಡುತ್ತೇನೆ, ಹೇಗೆ ತಿಳಿಯಿತೆಂದು ಅವನು ಕೇಳಿದರೆ ಹೇಳಬೇಕಾಗುತ್ತದೆ ಎಂದಳು.

"ಹೇಳಿ" ಎಂದು ನೀರಜಾ ಎದ್ದಳು.

ಮೂರೂವರೆಗೆ ಕ್ಯಾಂಟೀನು ತುಂಬಿಹೋಗಿತ್ತು. ಗೋಡೆಯ ದೊಡ್ಡ ಟೀವಿಯಲ್ಲಿ ಖಾಲಿ ಆಕಾಶ. ನೌಕೆ ಬೆಂಕಿಯ ಹೊದಿಕೆಯೊಳಗೆ ಸಿಕ್ಕಿತ್ತು, ಆರು ನಿಮಿಷ ಅದರಿಂದ ಯಾವ ಮಾತೂ ಬರುವುದಿಲ್ಲವೆಂದು ನಿರೂಪಕ ಹೇಳುತ್ತಿದ್ದ. ನೀರಜಾ ಮೂಲೆಯ ಮೇಜಿನಲ್ಲಿ ಒಬ್ಬಳೇ ಕೂತಿದ್ದಳು. ನಿಜ ಹೇಳಬೇಕೆಂದರೆ ಆಗಲೂ ಅವಳ ಅನುಮಾನ ಪೂರ್ತಿ ಸತ್ತಿರಲಿಲ್ಲ. ಅವನು ಇಲ್ಲಿದ್ದನೆಂದು ಗೊತ್ತಾಯಿತು, ಸರಿ. ರಿಂಗು ಗಟ್ಟಿಯಿದೆಯೆಂದು ಯಾರು ಕಂಡರು? ಮೂರನೆಯ ನಿಮಿಷಕ್ಕೆ ತನ್ನ ಆ ಯೋಚನೆಗೆ ತಾನೇ ಹೇಸಿದಳು. ಐದನೆಯ ನಿಮಿಷಕ್ಕೆ ತಿಪಟೂರಿನ ಕೆಂಪಮ್ಮನಿಗೆ ಹರಕೆ ಹೊತ್ತಳು. ಆರಾಯಿತು. ಏಳಾಯಿತು. ಯಾರೂ ಕೆಮ್ಮಲಿಲ್ಲ.

ಆಮೇಲೆ ಒಂದು ಚುಕ್ಕೆ ಕಂಡಿತು. ಚುಕ್ಕೆಯ ಮೇಲೊಂದು ಬಿಳಿಯ ಎಳೆ, ಎಳೆ ಬಿಚ್ಚಿಕೊಂಡು ಒಂದು, ಎರಡು, ಮೂರು, ಮೂರೂ ಪ್ಯಾರಾಚೂಟುಗಳು ಅರಳಿ ನಿಂತವು. ಕ್ಯಾಂಟೀನಿನ ಸೂರು ಹಾರಿಹೋಗುವ ಹಾಗೆ ಕೂಗೆದ್ದಿತು. ಮೊರೀನ್ ಯಾರನ್ನೋ ತಬ್ಬಿಕೊಂಡು ಅಳುತ್ತಿದ್ದಳು. ನೀರಜಾಳಿಗೂ ಅಳು ಬಂತು. ಆ ಹೆಂಗಸು ಮಗಳ ಹತ್ತಿರ ಹೋಗುತ್ತಾಳೆ, ಅಷ್ಟು ಸಾಕು ಎನಿಸಿತು.

ಕಣ್ಣೊರೆಸಿಕೊಂಡು ನೋಡಿದರೆ ಬಾಗಿಲಲ್ಲಿ ಗುರುದತ್. ಕೊರಳಿಗೆ ಬ್ಯಾಡ್ಜು ಬಂದಿತ್ತು. ಕೈಯಲ್ಲಿ ಎರಡು ದೊಡ್ಡ ಸ್ಟೀಲ್ ಡಬ್ಬಿ. ಜನ ಅವನನ್ನು ಮುತ್ತಿಕೊಂಡು ಬೆನ್ನು ತಟ್ಟಿದರು. ಅವನು ಮೇಜಿಂದ ಮೇಜಿಗೆ ಹೋಗಿ, ಕಾಗದದ ನ್ಯಾಪ್ಕಿನ್ನುಗಳ ಮೇಲೆ ಒಂದೊಂದೇ ಹೋಳಿಗೆ ಇಟ್ಟು, ಅದೇನೆಂದು ಪ್ರತಿಯೊಬ್ಬರಿಗೂ ಇಂಗ್ಲಿಷಿನಲ್ಲಿ ಹೇಳುತ್ತಾ ಬಂದ. ಮುಖದಲ್ಲಿ ನಗುವಿತ್ತು. ಎಲ್ಲ ಮೇಜೂ ಆಗಿ ಮೂಲೆಯ ಮೇಜಿಗೆ ಬಂದ.

ನೀರಜಾ ಎದ್ದು ನಿಂತಳು. "ಗುರುದತ್ ಅವ್ರೇ, ನಾನು..."

ಅವನು ಒಂದು ನ್ಯಾಪ್ಕಿನ್ನನ್ನು ಬಿಡಿಸಿ ಮೇಜಿನ ಮೇಲೆ ಹಾಸಿದ. ಹರಿಯದ ಹಾಗೆ ಎರಡು ಕೈಯಲ್ಲಿ ಒಂದು ಹೋಳಿಗೆ ಎತ್ತಿ ಅದರ ಮೇಲಿಟ್ಟ.

"ಇಟ್ಸ್ ಅ ಟ್ರೆಡಿಷನಲ್ ಸ್ವೀಟ್ ಫ್ರಮ್ ಅವರ್ ಪ್ಲೇಸ್" ಎಂದ, ಉಳಿದವರಿಗೆ ಹೇಳಿದ ಅದೇ ದನಿಯಲ್ಲಿ, ಅದೇ ನಗುವಿನಲ್ಲಿ. "ಹೋಪ್ ಯು ಲೈಕ್ ಇಟ್."

ಅವಳು ಮಾತು ಹುಡುಕುವಷ್ಟರಲ್ಲಿ ಅವನು ಡಬ್ಬಿ ಮುಚ್ಚಿಕೊಂಡು ಟೀವಿಯ ಹತ್ತಿರ ನಿಂತಿದ್ದವರ ಗುಂಪಿಗೆ ಹೋಗಿ ಸೇರಿಕೊಂಡ. ಪರದೆಯ ಮೇಲೆ ನೌಕೆ ನೀರಿನಲ್ಲಿ ಮೆಲ್ಲಗೆ ತೂಗಾಡುತ್ತಿತ್ತು, ದೋಣಿಯೊಂದು ಅದರತ್ತ ಹೋಗುತ್ತಿತ್ತು. ನೀರಜಾ ಮತ್ತೆ ಕೂತಳು. ಹೋಳಿಗೆ ಇನ್ನೂ ಬಿಸಿಯಾಗಿತ್ತು, ತುಪ್ಪ ಇಳಿದು ಬಿಳಿಯ ನ್ಯಾಪ್ಕಿನ್ನಿನ ಅಂಚಿನವರೆಗೂ ಹರಡಿತು.